ಎರಡನೆಯ ಅವಕಾಶ ಎರಡನೆಯ ದರ್ಜೆಯದಲ್ಲ: ಜೆನ್ನಿ ಲೀ ಅವರ ಬದುಕು ಮತ್ತು ಸಾಧನೆ



ರಾಜ್ಯಶಾಸ್ತ್ರದ ತರಗತಿಯಲ್ಲಿ ನಾವು ಸಚಿವ ಸಂಪುಟದ ಬಗ್ಗೆ ಓದುತ್ತೇವೆ. ಸಂಪುಟ ದರ್ಜೆ ಸಚಿವರು, ರಾಜ್ಯ ಸಚಿವರು, ಉಪ ಸಚಿವರು ಎಂದು ಮೂರು ಹಂತ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಉಪ ಸಚಿವರು ಏನು ಮಾಡುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಸಂಪುಟದ ಸಭೆಯಲ್ಲಿ ಎಂದೂ ಕುರ್ಚಿ ಪಡೆಯದ ಒಬ್ಬ ಸಚಿವೆಯ ಕತೆಯನ್ನು ಈ ಲೇಖನದಲ್ಲಿ ಹೇಳುತ್ತೇನೆ. ಅವರ ಹೆಸರು ಜೆನ್ನಿ ಲೀ. ಊರು ಸ್ಕಾಟ್ಲೆಂಡ್. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯವನ್ನು ಕಟ್ಟಿ ನಿಲ್ಲಿಸಿದವರು ಅವರು. ನಮ್ಮ ಮನೆಗಳಲ್ಲಿ ಅಕ್ಕನೋ ಅಣ್ಣನೋ ಕೆಲಸ ಮಾಡುತ್ತಾ, ಮಕ್ಕಳನ್ನು ಸಾಕುತ್ತಾ, ಮನೆಯಲ್ಲೇ ಓದಿ ಪದವಿ ಪಡೆಯುತ್ತಿದ್ದರೆ ಆ ದಾರಿಯ ಮೊದಲ ಕಲ್ಲುಗಳಲ್ಲಿ ಒಂದನ್ನು ಇಟ್ಟವರು ಇವರೇ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಒಂದೇ ಅಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್ ಸೇರಿ ಯುನೈಟೆಡ್ ಕಿಂಗ್‌ಡಮ್ ಆಗಿದೆ. ಸ್ಕಾಟ್ಲೆಂಡಿಗೆ ಈಗಿರುವ ತನ್ನದೇ ಸಂಸತ್ತು ಬಂದದ್ದು 1999ರಲ್ಲಿ. ಜೆನ್ನಿ ಲೀ ಅವರ ಕಾಲದಲ್ಲಿ ಸ್ಕಾಟ್ಲೆಂಡಿನವರೂ ಲಂಡನ್ನಿನ ಸಂಸತ್ತಿಗೇ ಆರಿಸಿ ಹೋಗುತ್ತಿದ್ದರು.

ಗಣಿಯೂರಿನ ಮಗಳು

ಜೆನ್ನಿ ಲೀ ಹುಟ್ಟಿದ್ದು 1904ರ ನವೆಂಬರ್ 3ರಂದು, ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಲಾಕ್‌ಗೆಲ್ಲಿ ಎಂಬ ಊರಿನಲ್ಲಿ. ಅದು ಕಲ್ಲಿದ್ದಲಿನ ಸೀಮೆ. ತಂದೆ ಜೇಮ್ಸ್ ಲೀ ಗಣಿ ಕಾರ್ಮಿಕ. ಅಜ್ಜ ಗಣಿ ಕಾರ್ಮಿಕರ ಸಂಘದಲ್ಲಿ ಹೆಸರು ಮಾಡಿದವರು. ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಎಂಬ ಸಮಾಜವಾದಿ ಪಕ್ಷದ ಮಾತುಕತೆ ಆ ಮನೆಯಲ್ಲಿ ದಿನವೂ ಇತ್ತು. ಜೆನ್ನಿ ಬೆಳೆದದ್ದು ಪಕ್ಕದ ಕೌಡನ್‌ಬೀತ್‌ನಲ್ಲಿ.

ಆ ಕಾಲದ ಗಣಿಯೂರಿನಲ್ಲಿ ಹುಡುಗರು ಶಾಲೆ ಬಿಟ್ಟ ಕೂಡಲೇ ಗಣಿಗೆ ಇಳಿಯುವುದು, ಹುಡುಗಿಯರು ಮನೆಗೆಲಸಕ್ಕೋ ಬೇರೆಯವರ ಮನೆಯ ಚಾಕರಿಗೋ ಹೋಗುವುದು ಸಾಮಾನ್ಯವಾಗಿತ್ತು. ಜೆನ್ನಿ ಓದಿನಲ್ಲಿ ಚುರುಕು. ತಂದೆ ತಾಯಿ ಅವಳನ್ನು ಶಾಲೆ ಬಿಡಿಸಲಿಲ್ಲ. ಆದರೆ ಗಣಿಯ ಕೂಲಿಯಲ್ಲಿ ವಿಶ್ವವಿದ್ಯಾನಿಲಯದ ಶುಲ್ಕ ಕಟ್ಟುವುದು ಹೇಗೆ? ಇಲ್ಲಿ ನೆರವಾದದ್ದು ಕಾರ್ನೆಗಿ ಟ್ರಸ್ಟ್. ಆಂಡ್ರ್ಯೂ ಕಾರ್ನೆಗಿ ಅದೇ ಫೈಫ್‌ನ ಡನ್‌ಫರ್ಮ್‌ಲಿನ್‌ನಲ್ಲಿ ಬಡ ನೇಕಾರನ ಮಗನಾಗಿ ಹುಟ್ಟಿ, ಅಮೆರಿಕಕ್ಕೆ ಹೋಗಿ ಉಕ್ಕಿನ ಉದ್ಯಮದಲ್ಲಿ ಕೋಟ್ಯಧೀಶನಾದವರು. ಸ್ಕಾಟ್ಲೆಂಡಿನ ವಿಶ್ವವಿದ್ಯಾನಿಲಯಗಳಿಗಾಗಿ ಅವರು 1901ರಲ್ಲಿ ಈ ಟ್ರಸ್ಟನ್ನು ಸ್ಥಾಪಿಸಿದ್ದರು. ಶುಲ್ಕದ ಒಂದು ಪಾಲು ಅಲ್ಲಿಂದ ಬಂತು. ಜೊತೆಗೆ ಸ್ಥಳೀಯ ಶಿಕ್ಷಣ ಪ್ರಾಧಿಕಾರದ ಅನುದಾನ ಸಿಕ್ಕಿತು. ಹೀಗೆ ಜೆನ್ನಿ ಎಡಿನ್‌ಬರೋ ವಿಶ್ವವಿದ್ಯಾನಿಲಯ ಸೇರಿದರು.

ಅವರ ಓದು ಮುಗಿಯುವ ಹೊತ್ತಿಗೆ 1926ರ ಮಹಾ ಮುಷ್ಕರ ಬಂತು. ಕೂಲಿ ಕಡಿತ ಒಪ್ಪದ ಗಣಿ ಕಾರ್ಮಿಕರಿಗೆ ಮಾಲೀಕರು ಗಣಿಯ ಬಾಗಿಲು ಮುಚ್ಚಿದರು. ಅವರಿಗೆ ಬೆಂಬಲವಾಗಿ ದೇಶದಾದ್ಯಂತ ನಡೆದ ಮುಷ್ಕರ ಒಂಬತ್ತು ದಿನಕ್ಕೆ ಮುಗಿಯಿತು. ಗಣಿ ಕಾರ್ಮಿಕರು ಮಾತ್ರ ಸುಮಾರು ಏಳು ತಿಂಗಳು ಹಸಿವಿನಲ್ಲೇ ಹೋರಾಡಿ ಕೊನೆಗೆ ಸೋತರು. ಎಂ.ಎ., ಕಾನೂನು ಪದವಿ ಮತ್ತು ಶಿಕ್ಷಕಿಯ ತರಬೇತಿ ಮೂರನ್ನೂ ಮುಗಿಸಿ ಊರಿಗೆ ಬಂದ ಜೆನ್ನಿ ಗಣಿಯೂರಿನ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿಯಾದರು. ತನಗೆ ಸಿಕ್ಕಿದ ಓದು ತನ್ನ ಓರಗೆಯವರಿಗೆ ಸಿಗಲಿಲ್ಲ, ಅದಕ್ಕೆ ಕಾರಣ ಅವರ ದಡ್ಡತನವಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಮುಂದೆ ಅವರು ಮಾಡಿದ ದೊಡ್ಡ ಕೆಲಸದ ಬೇರು ಇಲ್ಲಿದೆ ಎಂದು ನನಗೆ ಅನಿಸುತ್ತದೆ.

ಮತದ ಹಕ್ಕಿಲ್ಲದ ಅಭ್ಯರ್ಥಿ

1929ರ ಮಾರ್ಚ್‌ನಲ್ಲಿ ನಾರ್ತ್ ಲ್ಯಾನಾರ್ಕ್ ಕ್ಷೇತ್ರಕ್ಕೆ ಉಪಚುನಾವಣೆ ನಡೆಯಿತು. ಕನ್ಸರ್ವೇಟಿವ್ ಪಕ್ಷದ ಕೈಯಲ್ಲಿದ್ದ ಕ್ಷೇತ್ರವದು. ಲೇಬರ್ ಅಭ್ಯರ್ಥಿಯಾಗಿ ನಿಂತ ಜೆನ್ನಿ ಗೆದ್ದರು. ಆಗ ಅವರ ವಯಸ್ಸು 24.

ಇಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಸ್ವಾರಸ್ಯವಿದೆ. 1918ರ ಕಾಯ್ದೆಯಂತೆ ಬ್ರಿಟನ್ನಿನಲ್ಲಿ 30 ವರ್ಷ ದಾಟಿದ ಮಹಿಳೆಯರಿಗೆ ಮಾತ್ರ, ಅದೂ ಆಸ್ತಿಯ ಷರತ್ತಿನೊಂದಿಗೆ, ಮತದ ಹಕ್ಕು ಸಿಕ್ಕಿತ್ತು. ಗಂಡಸರಿಗೆ 21 ವರ್ಷವಾದರೆ ಸಾಕಿತ್ತು. ಅದೇ 1918ರ ಇನ್ನೊಂದು ಕಾಯ್ದೆ 21 ದಾಟಿದ ಮಹಿಳೆ ಚುನಾವಣೆಗೆ ನಿಲ್ಲಬಹುದು ಎಂದಿತು. ಮತದ ವಯಸ್ಸನ್ನು ಗಂಡು ಹೆಣ್ಣಿಗೆ ಸಮ ಮಾಡಿದ ಕಾಯ್ದೆ 1928ರಲ್ಲಿ ಬಂದರೂ ಹೊಸ ಮತದಾರರ ಪಟ್ಟಿ ಜಾರಿಗೆ ಬಂದದ್ದು 1929ರ ಮೇ ತಿಂಗಳಲ್ಲಿ. ಹಾಗಾಗಿ ಮಾರ್ಚ್‌ನ ಉಪಚುನಾವಣೆಯಲ್ಲಿ ಜೆನ್ನಿ ಮತ ಕೇಳಬಹುದಿತ್ತು, ಗೆಲ್ಲಬಹುದಿತ್ತು; ಮತ ಹಾಕುವಂತಿರಲಿಲ್ಲ. ನಮ್ಮ ದೇಶದಲ್ಲಿ ಇದು ತಿರುಗುಮುರುಗು: 18ಕ್ಕೆ ಮತ, ಲೋಕಸಭೆಗೆ ನಿಲ್ಲಲು 25. ಅವರ ವಯಸ್ಸಿನಲ್ಲಿ ನಮ್ಮಲ್ಲಿ ಅಭ್ಯರ್ಥಿಯೇ ಆಗುವಂತಿಲ್ಲ.

ಸಂಸತ್ತಿನಲ್ಲಿ ಅವರ ಮೊದಲ ಭಾಷಣ ಆಗಿನ ಹಣಕಾಸು ಸಚಿವ ವಿನ್‌ಸ್ಟನ್ ಚರ್ಚಿಲ್ ಮಂಡಿಸಿದ್ದ ಬಜೆಟ್ಟಿನ ಮೇಲೆ. ಹೊಸಬರು ಮೊದಲ ಭಾಷಣದಲ್ಲಿ ಮೆತ್ತಗೆ ಮಾತಾಡುವುದು ಅಲ್ಲಿನ ರೂಢಿ. ಜೆನ್ನಿ ಮುಲಾಜಿಲ್ಲದೆ ಟೀಕಿಸಿದರು. ಸಭೆಯ ನಂತರ ಚರ್ಚಿಲ್ ತಾವೇ ಬಂದು ಅಭಿನಂದಿಸಿದರು. ಎದುರಾಳಿಯ ಮಾತಿನಲ್ಲಿ ಹುರುಳಿದ್ದರೆ ಮೆಚ್ಚುವ ಈ ಗುಣವನ್ನೂ ನಮ್ಮ ಚರ್ಚಾಸ್ಪರ್ಧೆಯ ಮಕ್ಕಳು ಗಮನಿಸಬೇಕು.

ಹದಿನಾಲ್ಕು ವರ್ಷದ ಹೊರಗಿನ ಬದುಕು

ಗೆಲುವು ಬಹಳ ದಿನ ಉಳಿಯಲಿಲ್ಲ. 1931ರಲ್ಲಿ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಲೇಬರ್ ಪಕ್ಷವನ್ನು ಬಿಟ್ಟು ಎದುರಾಳಿಗಳೊಂದಿಗೆ ಸರ್ಕಾರ ರಚಿಸಿದರು. ಆ ವರ್ಷದ ಚುನಾವಣೆಯಲ್ಲಿ ಲೇಬರ್ ನೆಲಕಚ್ಚಿತು, ಜೆನ್ನಿಯೂ ಸೋತರು. ಮರುವರ್ಷ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಲೇಬರ್ ಪಕ್ಷದಿಂದ ಬೇರೆಯಾದಾಗ ಅವರು ಆ ಚಿಕ್ಕ ಪಕ್ಷದ ಜೊತೆಗೇ ಹೋದರು. ತತ್ವಕ್ಕೆ ನಿಷ್ಠೆ ಇತ್ತು, ಆದರೆ ಅಧಿಕಾರದ ಬಾಗಿಲು ಮುಚ್ಚಿತು. ಪತ್ರಿಕೆಗಳಿಗೆ ಬರೆದು, ಅಮೆರಿಕದಲ್ಲಿ ಉಪನ್ಯಾಸ ಕೊಟ್ಟು ಬದುಕಿದರು. 1943ರಲ್ಲಿ ಬ್ರಿಸ್ಟಲ್‌ನ ಉಪಚುನಾವಣೆಯಲ್ಲಿ ಸ್ವತಂತ್ರವಾಗಿ ನಿಂತು ಮತ್ತೆ ಸೋತರು. ಸಂಸತ್ತಿಗೆ ಮರಳಿದ್ದು 1945ರಲ್ಲಿ, ಲೇಬರ್ ಪಕ್ಷಕ್ಕೆ ಹಿಂದಿರುಗಿ, ಇಂಗ್ಲೆಂಡಿನ ಕ್ಯಾನಕ್ ಎಂಬ ಗಣಿಸೀಮೆಯ ಕ್ಷೇತ್ರದಿಂದ.

ಈ ನಡುವೆ 1934ರಲ್ಲಿ ಅವರು ಅನೈರಿನ್ ಬೆವನ್ ಅವರನ್ನು ಮದುವೆಯಾದರು. ಬೆವನ್ ವೇಲ್ಸ್‌ನ ಗಣಿ ಕಾರ್ಮಿಕ, ಹದಿಹರೆಯದಲ್ಲೇ ಗಣಿಗೆ ಇಳಿದವರು. 1945ರ ಸರ್ಕಾರದಲ್ಲಿ ಆರೋಗ್ಯ ಸಚಿವರಾಗಿ, 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದರು. ಅದರ ತತ್ವ ಸರಳ: ಕಾಯಿಲೆಯವನ ಜೇಬು ನೋಡಬಾರದು, ಚಿಕಿತ್ಸೆಯೂ ಬಡವರದೆಂದು ಕಳಪೆಯಾಗಬಾರದು. ಈ ವರ್ಷಗಳಲ್ಲಿ ಜೆನ್ನಿ ಗಂಡನ ಕೆಲಸಕ್ಕೆ ಬೆನ್ನೆಲುಬಾಗಿ ನಿಂತು ತಮ್ಮ ರಾಜಕೀಯವನ್ನು ಹಿಂದಿಟ್ಟರು. 1960ರಲ್ಲಿ ಬೆವನ್ ತೀರಿಕೊಂಡರು. ಜೆನ್ನಿಗೆ ಆಗ 55 ವರ್ಷ. ಅವರ ರಾಜಕೀಯ ಮುಗಿಯಿತೆಂದು ಹಲವರು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಅರವತ್ತರಲ್ಲಿ ಮೊದಲ ಸಚಿವ ಸ್ಥಾನ

1964ರಲ್ಲಿ ಹ್ಯಾರಲ್ಡ್ ವಿಲ್ಸನ್ ಪ್ರಧಾನಿಯಾದಾಗ ಜೆನ್ನಿ ಲೀ ಅವರಿಗೆ ಕಲೆಗಳ ಹೊಣೆ ಕೊಟ್ಟರು. ಬ್ರಿಟನ್ನಿನಲ್ಲಿ ಅಂತಹ ಹೊಣೆ ಹೊತ್ತ ಮೊದಲ ಸಚಿವೆ ಅವರು. 1965ರಲ್ಲಿ ಅವರು ಹೊರತಂದ ಶ್ವೇತಪತ್ರ ಕಲೆಗಳ ಕುರಿತು ಬ್ರಿಟಿಷ್ ಸರ್ಕಾರ ಪ್ರಕಟಿಸಿದ ಮೊದಲನೆಯದು. ನಾಟಕ, ಸಂಗೀತ, ಚಿತ್ರಕಲೆ ಲಂಡನ್ನಿನ ಸಿರಿವಂತರಿಗೆ ಮಾತ್ರ ಮೀಸಲಾಗಬಾರದು, ಚಿಕ್ಕ ಊರುಗಳಿಗೂ ತಲುಪಬೇಕು ಎಂಬುದು ಅದರ ಸಾರ. ಅವರ ಅವಧಿಯಲ್ಲಿ ಕಲಾ ಮಂಡಳಿಗೆ ಕೊಡುವ ಅನುದಾನ ದುಪ್ಪಟ್ಟಿಗೂ ಹೆಚ್ಚಾಯಿತು.

1965ರ ಆರಂಭದಲ್ಲಿ ಅವರು ಶಿಕ್ಷಣ ಮತ್ತು ವಿಜ್ಞಾನ ಇಲಾಖೆಗೆ ಉಪ ಸಚಿವೆಯ ಹಂತದಲ್ಲಿ ಬಂದರು. ಅಲ್ಲಿ ಪ್ರಧಾನಿ ಅವರ ಕೈಗೆ ಇನ್ನೊಂದು ಕೆಲಸ ಇಟ್ಟರು. ವಿಲ್ಸನ್ 1963ರ ಸೆಪ್ಟೆಂಬರ್‌ನಲ್ಲಿ ಗ್ಲಾಸ್ಗೋದ ಭಾಷಣವೊಂದರಲ್ಲಿ 'ಆಕಾಶ ವಿಶ್ವವಿದ್ಯಾನಿಲಯ'ದ ಮಾತಾಡಿದ್ದರು. ರೇಡಿಯೊ, ದೂರದರ್ಶನ ಮತ್ತು ಅಂಚೆಯ ಮೂಲಕ ಪಾಠ ಹೇಳುವ ಯೋಚನೆ ಅದು. ಸಮಾಜಶಾಸ್ತ್ರಜ್ಞ ಮೈಕಲ್ ಯಂಗ್ ಕೂಡ ಇಂತಹದನ್ನೇ ಬರೆದು ಪ್ರತಿಪಾದಿಸಿದ್ದರು. ಅಂದರೆ ಕಲ್ಪನೆ ಜೆನ್ನಿಯದಲ್ಲ. ಆದರೆ ಆಗ ಅದು ಬರೀ ಮಾತಾಗಿತ್ತು. ಅದರ ಆಕಾರ ಏನು, ಯಾರಿಗೆ, ಯಾವ ಮಟ್ಟದ್ದು ಎಂದು ಯಾರೂ ತೀರ್ಮಾನಿಸಿರಲಿಲ್ಲ.

ಅವರು ಬಿಟ್ಟುಕೊಡದ ಒಂದು ಮಾತು

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಿ. ಈ ಲೇಖನದ ತಿರುಳು ಇದು.

ಜೆನ್ನಿ ಅವರಿಗೆ ಸುತ್ತಲಿಂದ ಸಲಹೆಗಳು ಬಂದವು. ಮೊದಲು ಸಣ್ಣದಾಗಿ ಮಾಡಿ. ಕಾಲೇಜು ಪೂರ್ವದ ತರಗತಿಗಳನ್ನು ಟೀವಿಯಲ್ಲಿ ಕೊಡಿ. ಪದವಿ ಬೇಡ, ಒಂದು ಪ್ರಮಾಣಪತ್ರ ಸಾಕು. ಈಗಾಗಲೇ ಇರುವ ವಯಸ್ಕರ ಶಿಕ್ಷಣಕ್ಕೆ ಅದೇ ಹಣ ಕೊಡಿ. ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ ಉತ್ಸಾಹವಿರಲಿಲ್ಲ. ಅವರ ಮೇಲಿನ ಸಂಪುಟ ಸಚಿವ ಆಂಟನಿ ಕ್ರಾಸ್‌ಲ್ಯಾಂಡ್ ಅವರಿಗೂ ಇರಲಿಲ್ಲ. ಹಣಕಾಸು ಖಾತೆ ಲೆಕ್ಕ ಕೇಳುತ್ತಿತ್ತು. ಪತ್ರಿಕೆಗಳು ಅನುಮಾನಪಟ್ಟವು. ವಿರೋಧ ಪಕ್ಷದ ಪ್ರಮುಖರಲ್ಲೊಬ್ಬರಾದ ಇಯನ್ ಮೆಕ್ಲೌಡ್ ಇದು ಶುದ್ಧ ಅವಿವೇಕ ಎಂದು ಹೀಗಳೆದರು. ವಿಶ್ವವಿದ್ಯಾನಿಲಯಗಳಲ್ಲೂ ಅನೇಕರಿಗೆ ನಂಬಿಕೆ ಇರಲಿಲ್ಲ. ತರಗತಿ ಇಲ್ಲದ, ಪ್ರವೇಶಕ್ಕೆ ಅಂಕ ಕೇಳದ ಸಂಸ್ಥೆಯನ್ನು ವಿಶ್ವವಿದ್ಯಾನಿಲಯ ಎಂದು ಕರೆಯುವುದು ಹೇಗೆ ಎಂಬುದು ಅವರ ಪ್ರಶ್ನೆ.

ಜೆನ್ನಿ ಸಲಹಾ ಸಮಿತಿಗೆ ತಾವೇ ಅಧ್ಯಕ್ಷರಾದರು. ಅವರು ಹಿಡಿದ ಹಟ ಎರಡು. ಒಂದು, ಪ್ರವೇಶಕ್ಕೆ ಹಿಂದಿನ ಅಂಕಪಟ್ಟಿ ಕೇಳಬಾರದು. ಎರಡು, ಪದವಿ ಮಾತ್ರ ಬೇರೆ ವಿಶ್ವವಿದ್ಯಾನಿಲಯಗಳ ಪದವಿಗೆ ಒಂದು ಎಳೆಯೂ ಕಡಿಮೆ ಇರಬಾರದು. ಒಳಗೆ ಬರುವ ಬಾಗಿಲು ಎಲ್ಲರಿಗೂ ತೆರೆದಿರಲಿ, ಹೊರಗೆ ಹೋಗುವ ಬಾಗಿಲಲ್ಲಿ ಪರೀಕ್ಷೆ ಬಿಗಿಯಾಗಿರಲಿ. 1966ರ ಫೆಬ್ರವರಿಯಲ್ಲಿ ಪ್ರಕಟವಾದ ಶ್ವೇತಪತ್ರದಲ್ಲಿ ಈ ಮಾತು ಸ್ಪಷ್ಟವಾಗಿ ಬಂತು: ಗುಣಮಟ್ಟದಲ್ಲಿ ಕಡಿಮೆಯಾದ ತೇಪೆ ಹಚ್ಚಿದ ಏರ್ಪಾಡು ಇದಾಗುವುದಿಲ್ಲ.

ಏಕೆ ಇಷ್ಟು ಹಟ? ಯೋಚಿಸಿ ನೋಡಿ. ಗಣಿಗೆ ಇಳಿದ ಹುಡುಗನಿಗೆ, ಮನೆಗೆಲಸಕ್ಕೆ ಹೋದ ಹುಡುಗಿಗೆ ಮೊದಲ ಸಲ ಅನ್ಯಾಯವಾಗಿದೆ. ಮೂವತ್ತು ವರ್ಷವಾದ ಮೇಲೆ ಅವರಿಗೆ ಒಂದು ಅರ್ಧ ಪದವಿ ಕೊಟ್ಟು 'ನಿಮಗೆ ಇಷ್ಟು ಸಾಕು' ಎಂದರೆ ಅದು ಎರಡನೆಯ ಅನ್ಯಾಯ. ಗಂಡ ಆರೋಗ್ಯದಲ್ಲಿ ಮಾಡಿದ್ದನ್ನು ಹೆಂಡತಿ ಶಿಕ್ಷಣದಲ್ಲಿ ಮಾಡಿದರು ಎನ್ನಬಹುದು.

ಹಟ ಒಂದೇ ಸಾಲದು, ಜಾಣ್ಮೆಯೂ ಬೇಕು. ಜೆನ್ನಿ ಮೊದಲು ದೂರದರ್ಶನದ ಇಡೀ ಒಂದು ವಾಹಿನಿಯನ್ನೇ ಬಯಸಿದ್ದರು. ಅದು ದುಬಾರಿ ಎಂದು ತಿಳಿದಾಗ ಆ ವಿಷಯ ಬಿಟ್ಟುಕೊಟ್ಟು ಬಿಬಿಸಿಯ ವಾಹಿನಿಯಲ್ಲಿ ಸಮಯ ಪಡೆಯಲು ಒಪ್ಪಿದರು. ಗುಣಮಟ್ಟದ ವಿಷಯದಲ್ಲಿ ಮಾತ್ರ ಕದಲಲಿಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ಈ ತಿಳಿವಳಿಕೆಯೇ ಆಡಳಿತದ ಕಲೆ. ಬೆನ್ನ ಹಿಂದೆ ಪ್ರಧಾನಿಯ ಬೆಂಬಲ ಇದ್ದದ್ದೂ ನಿಜ. ಅದಿಲ್ಲದಿದ್ದರೆ ಕಿರಿಯ ಸಚಿವೆಯ ಕಡತ ಇಲಾಖೆಯ ಕಪಾಟಿನಲ್ಲೇ ಉಳಿಯುತ್ತಿತ್ತು.

1967ರಲ್ಲಿ ಜೆನ್ನಿ ರಾಜ್ಯ ಸಚಿವೆಯಾದರು. ಅದೇ ವರ್ಷ ಸರ್ ಪೀಟರ್ ವೆನಬಲ್ಸ್ ಅಧ್ಯಕ್ಷತೆಯಲ್ಲಿ ಯೋಜನಾ ಸಮಿತಿ ರಚನೆಯಾಯಿತು. ಅಷ್ಟು ಹೊತ್ತಿಗೆ 'ಆಕಾಶ' ಹೋಗಿ ಹೆಸರು 'ಮುಕ್ತ ವಿಶ್ವವಿದ್ಯಾನಿಲಯ' ಎಂದಾಗಿತ್ತು. 1969ರಲ್ಲಿ ರಾಜ ಸನದು ದೊರೆಯಿತು. ಅದರ ಸಮಾರಂಭ ನಡೆದದ್ದು ಜುಲೈ 23ರಂದು, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಅದೇ ವಾರ. ಮೊದಲ ಕುಲಾಧಿಪತಿ ಲಾರ್ಡ್ ಕ್ರೌದರ್ ಅಂದು ಈ ಸಂಸ್ಥೆ ಜನರಿಗೆ, ಸ್ಥಳಗಳಿಗೆ, ವಿಧಾನಗಳಿಗೆ ಮತ್ತು ವಿಚಾರಗಳಿಗೆ ಮುಕ್ತವಾಗಿರುತ್ತದೆ ಎಂಬ ಅರ್ಥದ ಮಾತಾಡಿದರು. ಮೊದಲ ಕುಲಪತಿ ವಾಲ್ಟರ್ ಪೆರಿ, ಎಡಿನ್‌ಬರೋದಿಂದ ಬಂದವರು.

ಪಾಠ ನಡೆಯುತ್ತಿದ್ದ ಬಗೆ

1970ರ ಚುನಾವಣೆಯಲ್ಲಿ ಲೇಬರ್ ಸೋತಿತು. ಜೆನ್ನಿ ಕ್ಯಾನಕ್ ಕ್ಷೇತ್ರವನ್ನೂ ಕಳೆದುಕೊಂಡರು. ಹೊಸ ಸರ್ಕಾರ ಮುಕ್ತ ವಿಶ್ವವಿದ್ಯಾನಿಲಯವನ್ನು ಮುಚ್ಚಿಬಿಡುವ ಭಯವಿತ್ತು. ಆದರೆ ಹೊಸ ಶಿಕ್ಷಣ ಸಚಿವೆ ಮಾರ್ಗರೆಟ್ ಥ್ಯಾಚರ್ ಅದನ್ನು ಉಳಿಸಿಕೊಂಡರು. ಕಡಿಮೆ ಖರ್ಚಿನಲ್ಲಿ ಹೆಚ್ಚು ಪದವೀಧರರು ಸಿಗುತ್ತಾರೆ ಎಂಬ ಲೆಕ್ಕ ಅವರಿಗೆ ಒಪ್ಪಿಗೆಯಾಯಿತು. ಹೀಗೆ ಎರಡು ವಿರುದ್ಧ ಪಕ್ಷಗಳ ಇಬ್ಬರು ಮಹಿಳೆಯರಿಂದ ಒಂದು ಸಂಸ್ಥೆ ಬದುಕಿತು.

1971ರ ಜನವರಿಯಲ್ಲಿ ಪಾಠ ಆರಂಭವಾದಾಗ ನಲವತ್ತು ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು. ಸುಮಾರು 24 ಸಾವಿರ ಜನ ಓದು ಶುರು ಮಾಡಿದರು. ಅದರ ಕ್ರಮ ಹೀಗಿತ್ತು:

• ಮುಖ್ಯ ಪಾಠ ಟೀವಿಯಲ್ಲಿ ಅಲ್ಲ, ಅಂಚೆಯಲ್ಲಿ ಬರುವ ಮುದ್ರಿತ ಪಾಠಗಳಲ್ಲಿ. ವಿದ್ಯಾರ್ಥಿ ತಾನೇ ಓದಿಕೊಳ್ಳಲು ಅನುಕೂಲವಾಗುವಂತೆ ತಜ್ಞರ ತಂಡ ಅವನ್ನು ಸಿದ್ಧಪಡಿಸುತ್ತಿತ್ತು.
• ಬಿಬಿಸಿಯ ದೂರದರ್ಶನ ಮತ್ತು ರೇಡಿಯೊ ಪಾಠಗಳು ಅದಕ್ಕೆ ಪೂರಕ. ನಸುಕಿನಲ್ಲೋ ತಡರಾತ್ರಿಯೋ ಬರುತ್ತಿದ್ದ ಅವುಗಳಿಗಾಗಿ ಕೆಲಸದವರು ನಿದ್ದೆಗೆಡುತ್ತಿದ್ದರು.
• ಪ್ರತಿ ವಿದ್ಯಾರ್ಥಿಗೂ ಒಬ್ಬ ಬೋಧಕರು. ಬರೆದು ಕಳಿಸಿದ ಅಸೈನ್‌ಮೆಂಟನ್ನು ತಿದ್ದಿ, ಟಿಪ್ಪಣಿ ಬರೆದು ಹಿಂದಿರುಗಿಸುತ್ತಿದ್ದರು.
• ವಿಜ್ಞಾನದ ವಿದ್ಯಾರ್ಥಿಗಳ ಮನೆಗೆ ಪ್ರಯೋಗದ ಪೆಟ್ಟಿಗೆಯೇ ಬರುತ್ತಿತ್ತು. ಅಡುಗೆಮನೆಯ ಮೇಜೇ ಪ್ರಯೋಗಾಲಯ.
• ಬೇಸಿಗೆಯಲ್ಲಿ ಒಂದು ವಾರ ಯಾವುದಾದರೂ ವಿಶ್ವವಿದ್ಯಾನಿಲಯದಲ್ಲಿ ತಂಗಿ ಕಲಿಯುವ ಶಿಬಿರ.
• ಪದವಿಗೆ ಆರು ಕ್ರೆಡಿಟ್, ಆನರ್ಸ್‌ಗೆ ಎಂಟು. ಒಂದೊಂದಾಗಿ, ತಮ್ಮ ಅನುಕೂಲಕ್ಕೆ ತಕ್ಕಂತೆ ಕೂಡಿಸಿಕೊಳ್ಳಬಹುದು.
• ಪರೀಕ್ಷೆಗೆ ಬೇರೆ ವಿಶ್ವವಿದ್ಯಾನಿಲಯಗಳ ಪರೀಕ್ಷಕರೂ ಇರುತ್ತಿದ್ದರು. ಪದವಿಯ ಮಟ್ಟದ ಮೇಲೆ ಬೆರಳು ತೋರಿಸಲು ಯಾರಿಗೂ ಅವಕಾಶ ಇರಲಿಲ್ಲ.

1973ರಲ್ಲಿ ಮೊದಲ ಘಟಿಕೋತ್ಸವ ನಡೆಯಿತು.

ಒಂದು ಕೊರತೆಯನ್ನೂ ಹೇಳಬೇಕು. ಮೊದಲ ವರ್ಷಗಳಲ್ಲಿ ಸೇರಿದವರಲ್ಲಿ ಪದವಿ ಇಲ್ಲದ ಶಾಲಾ ಶಿಕ್ಷಕರು ಬಹಳ ಮಂದಿ. ಗಣಿ, ಕಾರ್ಖಾನೆಯ ಕೂಲಿಗಳು ಕಡಿಮೆ. ಹೆಂಗಸರಿಗಿಂತ ಗಂಡಸರು ಹೆಚ್ಚು. ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಎಲ್ಲರೂ ಒಳಗೆ ಬಂದುಬಿಡುವುದಿಲ್ಲ. ಬಾಗಿಲು ತೆರೆದಿದೆ ಎಂದು ತಿಳಿಯಬೇಕು, ಬಿಡುವು ಬೇಕು, ಮನೆಯವರ ಒಪ್ಪಿಗೆ ಬೇಕು.

ಜೆನ್ನಿ ಲೀ ನಂತರ ಬ್ಯಾರನೆಸ್ ಪದವಿ ಪಡೆದು ಮೇಲ್ಮನೆ ಸೇರಿದರು. 1988ರ ನವೆಂಬರ್ 16ರಂದು ತೀರಿಕೊಂಡರು.

ನಮ್ಮ ನಾಡಿಗೆ ಬಂದ ದಾರಿ

ಬ್ರಿಟನ್ನಿನ ಪ್ರಯೋಗವನ್ನು ಜಗತ್ತು ನೋಡುತ್ತಿತ್ತು. ಭಾರತದ ಮೊದಲ ಮುಕ್ತ ವಿಶ್ವವಿದ್ಯಾನಿಲಯ 1982ರಲ್ಲಿ ಹೈದರಾಬಾದಿನಲ್ಲಿ ಆರಂಭವಾಯಿತು. ಇಂದು ಅದು ಡಾ. ಬಿ.ಆರ್. ಅಂಬೇಡ್ಕರ್ ಹೆಸರಿನಲ್ಲಿದೆ. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಇಗ್ನೋ ಬಂತು. ನಮ್ಮ ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಶುರು ಮಾಡಿತ್ತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮೈಸೂರಿನ ಮಾನಸಗಂಗೋತ್ರಿಯ ಪಕ್ಕದ ಮುಕ್ತಗಂಗೋತ್ರಿಯಲ್ಲಿ ಅದರ ಕೇಂದ್ರವಿದೆ.

ನಾನು ಎಂ.ಎ. ಓದಿದ್ದು ಹೀಗೆಯೇ. ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಹೇಳುತ್ತಾ, ಮಗುವನ್ನು ಮಲಗಿಸಿದ ಮೇಲೆ ಓದುತ್ತಿದ್ದೆ. 'ಓ, ಕರೆಸ್ಪಾಂಡೆನ್ಸಾ?' ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ಮಾತಿನಲ್ಲಿದ್ದ ತಾತ್ಸಾರವೇ ಜೆನ್ನಿ ಲೀ ಅವರ ನಿಜವಾದ ಎದುರಾಳಿ ಎಂದು ಅವರ ಬಗ್ಗೆ ಓದಿದಾಗ ತಿಳಿಯಿತು. 2022ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಮಾನ್ಯತೆ ಪಡೆದ ಸಂಸ್ಥೆಗಳ ಮುಕ್ತ ಮತ್ತು ದೂರಶಿಕ್ಷಣದ ಪದವಿಗಳು ಸಾಮಾನ್ಯ ಪದವಿಗಳಿಗೆ ಸಮಾನ ಎಂದು ಪ್ರಕಟಿಸಿದೆ. ಅರವತ್ತರ ದಶಕದಲ್ಲಿ ಅವರು ಹಿಡಿದ ಮಾತೂ ಇದೇ.

ನಿಮ್ಮಲ್ಲಿ ಹೆಚ್ಚಿನವರು ಪಿಯುಸಿ ಮುಗಿಸಿ ಪದವಿ ಕಾಲೇಜು ಸೇರುತ್ತೀರಿ. ಅದೇ ಆಗಲಿ ಎಂಬುದು ನಮ್ಮೆಲ್ಲರ ಆಸೆ. ಆದರೆ ಪ್ರತಿ ಬ್ಯಾಚಿನಲ್ಲೂ ಕೆಲವರು ನಿಲ್ಲುತ್ತಾರೆ. ಒಬ್ಬನಿಗೆ ತಂದೆಯ ಅಂಗಡಿ ನೋಡಿಕೊಳ್ಳಬೇಕು, ಇನ್ನೊಬ್ಬನಿಗೆ ಗಲ್ಫಿನ ವೀಸಾ ಬರುತ್ತದೆ, ಮತ್ತೊಬ್ಬಳಿಗೆ ಮದುವೆ ಗೊತ್ತಾಗುತ್ತದೆ. ಅವರೊಂದಿಗೆ ಮಾತಾಡುವಾಗ 'ಇನ್ನು ಮುಗಿಯಿತು' ಎನ್ನಬೇಡಿ. ಹತ್ತನೆಯದು ಪಾಸಾಗದ ಅಕ್ಕನಿಗೂ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ದಾರಿ ಇದೆ. ಎರಡು ಎಚ್ಚರಿಕೆ ಮಾತ್ರ ಇರಲಿ. ಶುಲ್ಕ ಕಟ್ಟುವ ಮುನ್ನ ಆ ಸಂಸ್ಥೆಗೂ ಆ ಕೋರ್ಸಿಗೂ ಆ ವರ್ಷದ ಯುಜಿಸಿ ಮಾನ್ಯತೆ ಇದೆಯೇ ನೋಡಿ. ವೈದ್ಯಕೀಯ, ಎಂಜಿನಿಯರಿಂಗ್, ನರ್ಸಿಂಗ್ ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡುತ್ತೇವೆ ಎನ್ನುವವರನ್ನು ನಂಬಬೇಡಿ.

ಓದಿದ ಮೇಲೆ ಯೋಚಿಸಿ

1. 1929ರ ಮಾರ್ಚ್‌ನಲ್ಲಿ ಜೆನ್ನಿ ಲೀ ಚುನಾವಣೆಗೆ ನಿಲ್ಲಬಹುದಿತ್ತು, ಮತ ಹಾಕುವಂತಿರಲಿಲ್ಲ. ಕಾರಣವೇನು? ಭಾರತದ ನಿಯಮದೊಂದಿಗೆ ಹೋಲಿಸಿ.
2. ಸಂಪುಟದಲ್ಲಿಲ್ಲದ ಸಚಿವೆ ದೊಡ್ಡ ಸಂಸ್ಥೆಯೊಂದನ್ನು ಕಟ್ಟಲು ಯಾವ ಯಾವ ಅಂಶಗಳು ನೆರವಾದವು?
3. ಅವರು ಬಿಟ್ಟುಕೊಟ್ಟದ್ದು ಯಾವುದು? ಬಿಟ್ಟುಕೊಡದ್ದು ಯಾವುದು? ಅವರ ಆಯ್ಕೆ ಸರಿಯೇ?
4. ನಿಮ್ಮ ಮನೆಯಲ್ಲಿ ಅಥವಾ ಬೀದಿಯಲ್ಲಿ ಓದು ನಿಲ್ಲಿಸಿದ ಒಬ್ಬರೊಂದಿಗೆ ಮಾತಾಡಿ. ಅವರು ಮತ್ತೆ ಓದಲು ಏನೇನು ಬೇಕು ಎಂದು ಅವರ ಮಾತಿನಲ್ಲೇ ಬರೆದು ತನ್ನಿ.

ನಾಲ್ಕನೆಯ ಪ್ರಶ್ನೆಗೆ ಅಂಕವಿಲ್ಲ. ಆದರೂ ಅದನ್ನೇ ಮೊದಲು ಮಾಡಿ. ಬರೆದು ತಂದವರು ರಾಜ್ಯಶಾಸ್ತ್ರ ವಿಭಾಗದಲ್ಲಿ ನನಗೆ ಕೊಡಿ. ಅರ್ಜಿ ತುಂಬುವುದು, ಮಾನ್ಯತೆ ಪರಿಶೀಲಿಸುವುದು ನನಗೆ ಗೊತ್ತು. ಒಟ್ಟಿಗೆ ಕೂತು ಮಾಡೋಣ.